ಕೇಪಿನ ಕೋವಿಯ ಬೇಟೆಚೀಲ

ಕೇಪಿನ ಕೋವಿಯ ಬೇಟೆಚೀಲ ಎಂದರೆ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಗೆ ಬೇಕಾದ ಮದ್ದು, ಗುಂಡು, ಚರೆ, ಕೇಪು ಮತ್ತು ಸಣ್ಣ ಸಲಕರಣೆಗಳನ್ನು ಒಯ್ಯಲು ಬಳಸುವ ಹೆಗಲುಚೀಲ. ತೋಟಾ ಕೋವಿಯಲ್ಲಿ ಮದ್ದು, ಗುಂಡು ಮತ್ತು ಕೇಪುಗಳು ಒಂದೇ ತೋಟಾದೊಳಗೆ ಅಡಕವಾಗಿರುತ್ತವೆ. ಕೇಪಿನ ಕೋವಿಯಲ್ಲಿ ಇವೆಲ್ಲವನ್ನೂ ಪ್ರತಿ ಬಾರಿ ಬಿಡಿಬಿಡಿಯಾಗಿ, ನಿಗದಿಯಾದ ಕ್ರಮದಲ್ಲಿ ತುಂಬಬೇಕಾಗುತ್ತದೆ. ಈ ಕ್ರಮ ತಪ್ಪಿದರೆ ಕೋವಿ ಹಾರದಿರಬಹುದು, ಇಲ್ಲವೇ ನಳಿಗೆ ಸಿಡಿದು ಕೋವಿ ಹಿಡಿದವನಿಗೇ ಅಪಾಯವಾಗಬಹುದು. ಆದ್ದರಿಂದ ಚೀಲದೊಳಗಿನ ಜೋಡಣೆ ಅನುಕೂಲದ ವಿಷಯವಾಗಿರುವಂತೆಯೇ ಸುರಕ್ಷತೆಯ ವಿಷಯವೂ ಆಗಿದೆ.

ಕರ್ನಾಟಕದಲ್ಲಿ ಈ ಬಗೆಯ ಕೋವಿಯ ಬಳಕೆ ಕೊಡಗು ಮತ್ತು ಮಲೆನಾಡಿನ ಜನಜೀವನದಲ್ಲಿ ದೀರ್ಘಕಾಲ ಉಳಿದುಬಂದಿದೆ. 1972ರ ವನ್ಯಜೀವಿ (ಸಂರಕ್ಷಣಾ) ಕಾಯಿದೆಯ ನಂತರ ಬೇಟೆ ನಿಷಿದ್ಧವಾಗಿದ್ದು, ಇಂದು ಕೋವಿ ಮತ್ತು ಅದರ ಪರಿಕರಗಳು ಹಬ್ಬ, ಜನನ, ಮರಣಗಳ ಆಚರಣೆಗಳಲ್ಲಿ, ಗುರಿ ಹೊಡೆಯುವ ಸ್ಪರ್ಧೆಗಳಲ್ಲಿ ಹಾಗೂ ಬೆಳೆಗಾವಲಿನ ಪರಂಪರೆಯ ಗುರುತಾಗಿ ಉಳಿದಿವೆ.

ಹೆಸರು ಮತ್ತು ಪದಬಳಕೆ

ಕನ್ನಡದಲ್ಲಿ ಬಂದೂಕಕ್ಕೆ ‘ಕೋವಿ’ ಎಂಬ ಪದ ರೂಢಿಯಲ್ಲಿದೆ. ಕೊಡವ ಭಾಷೆಯಲ್ಲಿ ಇದನ್ನು ‘ತೋಕ್’ ಎನ್ನುತ್ತಾರೆ. ಹೊಡೆತಕ್ಕೆ ಸಿಡಿಯುವ ಪುಟ್ಟ ತಾಮ್ರದ ಟೊಪ್ಪಿಯೇ ಕೇಪು. ಅದನ್ನು ಬಳಸುವ ಕೋವಿಗೆ ‘ಕೇಪಿನ ಕೋವಿ’ ಎಂದೂ ತೋಟಾ ಬಳಸುವ ಕೋವಿಗೆ ‘ತೋಟಾ ಕೋವಿ’ ಎಂದೂ ಹೆಸರಾಯಿತು. ಕೇಪನ್ನು ಹೊಡೆಯುವ, ಹಿಂದಕ್ಕೆ ಎಳೆದು ನಿಲ್ಲಿಸುವ ಭಾಗವನ್ನು ‘ಕುದುರೆ’ ಎನ್ನುತ್ತಾರೆ. ಮದ್ದು ಮತ್ತು ಗುಂಡನ್ನು ಒತ್ತಿ ಜಡಿಯುವ ಉದ್ದನೆಯ ಕೋಲು ‘ಗಜ’. ಒಂದು ಬಾರಿ ಹಾರಿಸಲು ಬೇಕಾಗುವ ಮದ್ದುಗುಂಡಿನ ಪ್ರಮಾಣ ‘ಈಡು’. ಹಲವು ಸಣ್ಣ ಸೀಸದ ಕಾಳುಗಳಿಗೆ ‘ಚರೆ’ ಎಂದೂ ಒಂಟಿಯಾದ ದೊಡ್ಡ ಸೀಸದ ಉಂಡೆಗೆ ‘ಗುಂಡು’ ಎಂದೂ ಹೆಸರು. ಮಲೆನಾಡಿನಲ್ಲಿ ಪ್ರಾಣಿಗಳು ಬರುವ ಜಾಗದ ಬಳಿ ಮರೆಯಲ್ಲಿ ಕಾದು ಕೂರುವುದಕ್ಕೆ ‘ಮರಸು ಕೂರುವುದು’ ಎಂಬ ಮಾತಿದೆ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ (1936) ಮತ್ತು ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಗಳು ಮಲೆನಾಡಿನ ಕೋವಿ ಮತ್ತು ಬೇಟೆಯ ಲೋಕವನ್ನು ಕನ್ನಡ ಓದುಗರಿಗೆ ಪರಿಚಯಿಸಿವೆ.

ಹಿನ್ನೆಲೆ

ಬಾಯಿಯಿಂದ ಮದ್ದು ತುಂಬುವ ಕೋವಿಗಳಲ್ಲಿ ಮೊದಲಿಗೆ ಉರಿಯುವ ಬತ್ತಿಯಿಂದ, ಆಮೇಲೆ ಚಕಮಕಿ ಕಲ್ಲಿನ ಕಿಡಿಯಿಂದ ಮದ್ದಿಗೆ ಬೆಂಕಿ ತಗುಲಿಸಲಾಗುತ್ತಿತ್ತು. ಮಳೆ ಮತ್ತು ಗಾಳಿಯಲ್ಲಿ ಈ ಎರಡೂ ವಿಧಾನಗಳು ನಂಬಿಕೆಗೆ ಅರ್ಹವಾಗಿರಲಿಲ್ಲ. ಸ್ಕಾಟ್ಲೆಂಡಿನ ಪಾದ್ರಿ ಅಲೆಗ್ಸಾಂಡರ್ ಫೋರ್ಸಿತ್ ಹೊಡೆತಕ್ಕೆ ಸಿಡಿಯುವ ಫಲ್ಮಿನೇಟ್ ರಾಸಾಯನಿಕವನ್ನು ಕೋವಿಗೆ ಅಳವಡಿಸಿ 1807ರಲ್ಲಿ ಹಕ್ಕುಪತ್ರ ಪಡೆದನು. ಇದೇ ತತ್ತ್ವದ ಮೇಲೆ 1820ರ ದಶಕದಲ್ಲಿ ತಾಮ್ರದ ಕೇಪು ಬಳಕೆಗೆ ಬಂದಿತು. ಕೇಪು ತೇವವನ್ನು ಬಹುಮಟ್ಟಿಗೆ ತಡೆದುಕೊಳ್ಳುವುದರಿಂದ ಮಳೆನಾಡಿಗೆ ಒಪ್ಪುವ ಕೋವಿ ಇದರೊಂದಿಗೆ ದೊರೆತಂತಾಯಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹಿಂಬದಿಯಿಂದ ತುಂಬುವ ತೋಟಾ ಕೋವಿಗಳು ಹರಡಿದರೂ ಬೆಲೆ ಕಡಿಮೆ ಎಂಬ ಕಾರಣಕ್ಕೆ ಹಾಗೂ ಈಡಿನ ಸಾಮಗ್ರಿಯನ್ನು ಬಿಡಿಯಾಗಿ ಕೊಳ್ಳಬಹುದೆಂಬ ಕಾರಣಕ್ಕೆ ಕೇಪಿನ ಕೋವಿ ಹಳ್ಳಿಗಳಲ್ಲಿ ಮುಂದುವರಿಯಿತು.

ಕೊಡಗಿನಲ್ಲಿ ಹಾಲೇರಿ ಅರಸರ ಕಾಲದಲ್ಲಿ ಸೈನಿಕ ಸೇವೆಗೆ ಪ್ರತಿಯಾಗಿ ಜಮ್ಮಾ ಭೂಮಿಯನ್ನು ವಂಶಪಾರಂಪರ್ಯವಾಗಿ, ಕಡಿಮೆ ಕಂದಾಯಕ್ಕೆ ನೀಡುವ ಪದ್ಧತಿಯಿತ್ತು. ಹೀಗೆ ಭೂಮಿ ಹಿಡಿದವರು ಅರಸರ ಕರೆ ಬಂದಾಗ ಆಯುಧದೊಂದಿಗೆ ಹಾಜರಾಗಬೇಕಿತ್ತು. ಒಕ್ಕಲುತನ ಮತ್ತು ಆಯುಧಧಾರಣೆಗಳು ಒಂದೇ ಮನೆಯಲ್ಲಿ ಕೂಡಿ ಬೆಳೆದದ್ದು ಹೀಗೆ. 1834ರಲ್ಲಿ ಕೊಡಗು ಬ್ರಿಟಿಷರ ವಶವಾಯಿತು. 1857ರ ಹೋರಾಟದ ತರುವಾಯ ದೇಶದಲ್ಲಿ ನಿರಾಯುಧೀಕರಣದ ಕಾನೂನು ಜಾರಿಯಾದಾಗ, ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ 1861ರಲ್ಲಿ ಕೊಡಗಿಗೆ ಅದು ಅನ್ವಯಿಸುವುದಿಲ್ಲವೆಂದು ಘೋಷಿಸಿದನು. ಇದರಿಂದಾಗಿ ಇತರೆಡೆ ಮನೆಗಳಿಂದ ಆಯುಧ ಕಣ್ಮರೆಯಾದ ಕಾಲದಲ್ಲೂ ಕೊಡಗಿನ ಐನ್‌ಮನೆಗಳಲ್ಲಿ ಕೋವಿ ಉಳಿಯಿತು.

ಕೋವಿಯ ಕಾರ್ಯವಿಧಾನ

ಚೀಲದ ಜೋಡಣೆಯನ್ನು ಅರಿಯಲು ಕೋವಿ ತುಂಬುವ ಕ್ರಮವನ್ನು ಮೊದಲು ತಿಳಿಯಬೇಕು. ಕೇಪಿನ ಕೋವಿಯ ನಳಿಗೆಯ ಹಿಂತುದಿ ಮುಚ್ಚಿರುತ್ತದೆ. ಅಲ್ಲಿ ಸಣ್ಣ ರಂಧ್ರವುಳ್ಳ ಉಕ್ಕಿನ ತೊಟ್ಟೊಂದು ಹೊರಚಾಚಿರುತ್ತದೆ. ಕೇಪನ್ನು ಕೂರಿಸುವುದು ಈ ತೊಟ್ಟಿನ ಮೇಲೆ. ಟ್ರಿಗರ್ ಒತ್ತಿದಾಗ ಕುದುರೆ ಬಡಿದು ಕೇಪು ಸಿಡಿಯುತ್ತದೆ. ಅದರ ಕಿಡಿ ರಂಧ್ರದ ಮೂಲಕ ಒಳಗಿನ ಮದ್ದಿಗೆ ತಗುಲುತ್ತದೆ.

ತುಂಬುವ ಕ್ರಮ ಸಾಮಾನ್ಯವಾಗಿ ಹೀಗಿದೆ:

1. ಕೋವಿ ಖಾಲಿಯಿದೆಯೇ ಎಂದು ಗಜ ಇಳಿಸಿ ನೋಡುವುದು.
2. ತೊಟ್ಟಿನ ರಂಧ್ರ ತೆರೆದಿದೆಯೇ ಎಂದು ಪರೀಕ್ಷಿಸುವುದು.
3. ಅಳತೆ ಮಾಡಿದ ಮದ್ದನ್ನು ನಳಿಗೆಗೆ ಸುರಿಯುವುದು.
4. ಮದ್ದಿನ ಮೇಲೆ ನಾರು, ಕಾಗದ ಅಥವಾ ಬಟ್ಟೆಯ ತಡೆಯನ್ನಿಟ್ಟು ಗಜದಿಂದ ಜಡಿಯುವುದು.
5. ಗುಂಡು ಅಥವಾ ಚರೆ ಹಾಕುವುದು.
6. ಅದು ಉರುಳಿ ಹೊರಬೀಳದಂತೆ ಮೇಲೊಂದು ತಡೆಯಿಟ್ಟು ಮತ್ತೆ ಜಡಿಯುವುದು.
7. ಗಜವನ್ನು ಹೊರತೆಗೆದು ಅದರ ಸ್ಥಾನದಲ್ಲಿ ಸೇರಿಸುವುದು.
8. ಎಲ್ಲಕ್ಕೂ ಕೊನೆಯಲ್ಲಿ, ಹಾರಿಸುವ ಸ್ಥಳದಲ್ಲಿ ನಿಂತು, ಕೇಪು ಕೂರಿಸುವುದು.

ಈ ಎಂಟು ಹೆಜ್ಜೆಗಳಲ್ಲಿ ಒಂದೊಂದಕ್ಕೂ ಬೇರೆಬೇರೆ ವಸ್ತು ಬೇಕು. ಬೇಟೆಯಲ್ಲಿ ಕಣ್ಣು ಕಾಡಿನ ಕಡೆಗಿರುವುದರಿಂದ ಕೈ ತಾನಾಗಿ ಬೇಕಾದ ವಸ್ತುವನ್ನು ಹುಡುಕಿಕೊಳ್ಳಬೇಕಾಗುತ್ತದೆ. ನುರಿತವರ ಚೀಲದಲ್ಲಿ ಪ್ರತಿ ವಸ್ತುವಿಗೂ ಸ್ಥಿರವಾದ ಸ್ಥಳವಿರುವುದು ಇದೇ ಕಾರಣದಿಂದ.

ಚೀಲದ ರಚನೆ

ಇಂತಹ ಚೀಲವನ್ನು ಚರ್ಮ ಅಥವಾ ದಪ್ಪ ಬಟ್ಟೆಯಿಂದ ಹೊಲಿಯಲಾಗುತ್ತದೆ. ಚರ್ಮ ಮಳೆಯನ್ನು ತಡೆಯುತ್ತದೆ, ಮುಳ್ಳಿಗೆ ಹರಿಯುವುದಿಲ್ಲ. ಆದರೆ ಎಣ್ಣೆ ಹಚ್ಚದೆ ಬಿಟ್ಟರೆ ಮಳೆಗಾಲದಲ್ಲಿ ಬೂಸಲು ಹಿಡಿಯುತ್ತದೆ. ಬಟ್ಟೆಯ ಚೀಲ ಹಗುರವಾಗಿದ್ದು ಬೇಗ ಒಣಗುತ್ತದೆ. ತೇವವನ್ನು ಮಾತ್ರ ತಡೆಯಲಾರದು. ಬಾಯಿಯ ಮೇಲೆ ಪೂರ್ಣ ಮುಚ್ಚುವ ಮಡಿಕೆ ಎರಡೂ ಬಗೆಯ ಚೀಲಗಳಿಗೆ ಅಗತ್ಯ. ಓಡುವಾಗ, ಬಾಗುವಾಗ ವಸ್ತುಗಳು ಹೊರಬೀಳದಂತೆ ಹಾಗೂ ಹಾರಿದ ಕಿಡಿ ಒಳಗೆ ಬೀಳದಂತೆ ಈ ಮಡಿಕೆ ಕಾಯುತ್ತದೆ.

ಬಲಗೈಯವರು ಚೀಲದ ಪಟ್ಟಿಯನ್ನು ಎಡಹೆಗಲಿಗೆ ಹಾಕಿ, ಚೀಲ ಬಲಪಕ್ಕೆಗೆ ಬರುವಂತೆ ಧರಿಸುತ್ತಾರೆ. ಮಡಚಿದ ಮೊಣಕೈಗಿಂತ ತುಸು ಕೆಳಗೆ ಚೀಲದ ಬಾಯಿ ಇದ್ದರೆ ಕೈ ಸರಾಗವಾಗಿ ಒಳಹೋಗುತ್ತದೆ. ತೀರಾ ಕೆಳಗಿಳಿದ ಚೀಲ ನಡೆಯುವಾಗ ತೊಡೆಗೆ ಬಡಿದು ಸದ್ದು ಮಾಡುತ್ತದೆ, ಪೊದೆಗೆ ಸಿಕ್ಕಿಕೊಳ್ಳುತ್ತದೆ. ಗಾತ್ರದ ವಿಷಯದಲ್ಲಿ ಚಿಕ್ಕದೇ ಮೇಲು. ದೊಡ್ಡ ಚೀಲಕ್ಕೆ ಅನಗತ್ಯ ವಸ್ತುಗಳು ಸೇರುತ್ತಾ ಹೋಗುತ್ತವೆ. ಬೇಕಾದುದು ಅವುಗಳ ನಡುವೆ ಮರೆಯಾಗುತ್ತದೆ. ಅಂಗೈ ಒಳಗೆ ತಿರುಗುವಷ್ಟು ಅಗಲವಿದ್ದು, ಒಂದು ದಿನಕ್ಕೆ ಸಾಕಾಗುವಷ್ಟು ಈಡು ಹಿಡಿಸಿದರೆ ಸಾಕು.

ಉತ್ತರ ಅಮೆರಿಕದ ವಲಸೆಗಾರರಲ್ಲಿಯೂ ಇದೇ ಬಗೆಯ ಚೀಲ ಬಳಕೆಯಲ್ಲಿತ್ತು. ಅಲ್ಲಿ ಹಳೆಯ ಮಾದರಿಯ ಕೋವಿಗಳ ಹವ್ಯಾಸಿಗಳು ಇಂದಿಗೂ ಅದನ್ನು ಕೈಯಾರೆ ಹೊಲಿದು, ಮದ್ದಿನ ಕೊಂಬಿನೊಂದಿಗೆ ಧರಿಸುತ್ತಾರೆ. ದೇಶ ಬೇರೆಯಾದರೂ ಕೋವಿಯ ತತ್ತ್ವ ಒಂದೇ ಆಗಿರುವುದರಿಂದ ಚೀಲದ ಜೋಡಣೆಯೂ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ.

ಸಾಮಗ್ರಿಗಳು

ಮದ್ದು: ಪೆಟ್ಲುಪ್ಪು, ಗಂಧಕ ಮತ್ತು ಇದ್ದಿಲುಗಳ ಮಿಶ್ರಣವಾದ ಕಪ್ಪುಮದ್ದು ಈ ಕೋವಿಗೆ ಬಳಕೆಯಾಗುತ್ತದೆ. ಇದನ್ನು ಚೀಲದೊಳಗೆ ಸಡಿಲವಾಗಿ ಇಡುವುದಿಲ್ಲ. ಬಿಗಿಯಾದ ಬಿರಡೆಯುಳ್ಳ ಕೊಂಬು ಅಥವಾ ಡಬ್ಬಿಯಲ್ಲಿ ತುಂಬಿ, ಚೀಲದ ಪಟ್ಟಿಗೇ ಕಟ್ಟಿ ಅಥವಾ ಬೇರೆ ಪಟ್ಟಿಯಲ್ಲಿ ನೇತುಹಾಕಲಾಗುತ್ತದೆ. ದನ ಅಥವಾ ಎಮ್ಮೆಯ ಕೊಂಬು ಹಗುರ, ನೀರು ಒಳಬಿಡದು, ಲೋಹದಂತೆ ಕಿಡಿ ಹಾರಿಸದು. ಈ ಗುಣಗಳಿಂದಾಗಿ ಜಗತ್ತಿನ ಹಲವೆಡೆ ಮದ್ದಿಗೆ ಕೊಂಬೇ ಪಾತ್ರೆಯಾಯಿತು.

ಅಳತೆಯ ಕೊಳವೆ: ಬಿದಿರು, ಕೊಂಬು ಅಥವಾ ಹಿತ್ತಾಳೆಯ ಪುಟ್ಟ ಕೊಳವೆ. ಆಯಾ ಕೋವಿಗೆ ತಕ್ಕ ಒಂದು ಈಡಿನ ಮದ್ದು ಮಾತ್ರ ಇದರಲ್ಲಿ ಹಿಡಿಸುತ್ತದೆ. ಕಪ್ಪುಮದ್ದನ್ನು ತೂಕಕ್ಕಿಂತ ಗಾತ್ರದಿಂದ ಅಳೆಯುವುದು ರೂಢಿ. ಕೊಂಬಿನಿಂದ ನೇರವಾಗಿ ನಳಿಗೆಗೆ ಮದ್ದು ಸುರಿಯಬಾರದೆಂಬುದು ಎಲ್ಲೆಡೆಯ ನಿಯಮ. ಹಿಂದಿನ ಈಡಿನ ಕೆಂಡ ನಳಿಗೆಯ ತಳದಲ್ಲಿ ಉಳಿದಿದ್ದರೆ ಬೆಂಕಿ ಕೊಂಬಿನವರೆಗೂ ಏರಿ, ಅದರಲ್ಲಿರುವ ಮದ್ದೆಲ್ಲವೂ ಕೈಯಲ್ಲೇ ಸಿಡಿಯುತ್ತದೆ. ಅಳತೆಯ ಕೊಳವೆ ನಡುವೆ ಇದ್ದಾಗ ಅಪಾಯ ಒಂದು ಈಡಿಗೆ ಸೀಮಿತವಾಗುತ್ತದೆ.

ಗುಂಡು ಮತ್ತು ಚರೆ: ಗುಂಡುಗಳನ್ನು ಸಣ್ಣ ಬಟ್ಟೆಯ ಅಥವಾ ಚರ್ಮದ ಸಂಚಿಯಲ್ಲಿ ಕಟ್ಟಿ ಚೀಲದ ತಳದಲ್ಲಿಡುತ್ತಾರೆ. ಗಾತ್ರ ಬೇರೆಯಾದ ಚರೆಗಳನ್ನು ಬೇರೆಬೇರೆ ಸಂಚಿಗಳಲ್ಲಿ ಇಡಬೇಕು. ನಳಿಗೆಯ ಒಳಗಾತ್ರವನ್ನು ‘ಬೋರ್’ ಎಂಬ ಅಳತೆಯಲ್ಲಿ ಹೇಳುವ ರೂಢಿಯಿದೆ. ಒಂದು ಪೌಂಡ್ (ಸುಮಾರು 454 ಗ್ರಾಂ) ಸೀಸದಿಂದ ನಳಿಗೆಗೆ ಸರಿಹೊಂದುವ ಎಷ್ಟು ಗುಂಡುಗಳಾಗುತ್ತವೆ ಎಂಬುದೇ ಈ ಸಂಖ್ಯೆ. 12 ಬೋರಿನ ನಳಿಗೆಯ ಒಳವ್ಯಾಸ ಸುಮಾರು 18.5 ಮಿಲಿಮೀಟರ್. ಆದ್ದರಿಂದ ಬೋರಿನ ಸಂಖ್ಯೆ ಹೆಚ್ಚಿದಂತೆ ನಳಿಗೆ ಕಿರಿದಾಗುತ್ತದೆ.

ತಡೆ: ತೆಂಗಿನ ನಾರು, ಕಾಗದ, ಹಳೆಯ ಬಟ್ಟೆ ಇತ್ಯಾದಿ. ಮದ್ದು ಉರಿದಾಗ ಹುಟ್ಟುವ ಅನಿಲ ಗುಂಡಿನ ಬದಿಯಿಂದ ಸೋರಿಹೋಗದಂತೆ ಇದು ತಡೆಯುತ್ತದೆ. ಮುಂಚಿತವಾಗಿಯೇ ಒಂದೇ ಅಳತೆಯ ತುಂಡುಗಳನ್ನು ಮಾಡಿ ಇಟ್ಟುಕೊಂಡರೆ ಕಾಡಿನಲ್ಲಿ ಹರಿದು ಹಂಚುವ ತೊಂದರೆ ಇರುವುದಿಲ್ಲ.

ಕೇಪಿನ ಡಬ್ಬಿ: ಕೇಪುಗಳು ಹೊಡೆತಕ್ಕೆ ಸಿಡಿಯುವ ವಸ್ತುಗಳಾದ್ದರಿಂದ ಅವುಗಳನ್ನು ಮದ್ದಿನಿಂದ ದೂರ, ಮುಚ್ಚಳವುಳ್ಳ ಪುಟ್ಟ ಡಬ್ಬಿಯಲ್ಲಿ ಇಡಬೇಕು. ಚೀಲದಲ್ಲಿ ಬಿಡಿಯಾಗಿ ಬಿದ್ದ ಕೇಪು ಗುಂಡುಗಳ ನಡುವೆ ಜಜ್ಜಿಹೋಗಬಹುದು ಅಥವಾ ಸಿಡಿಯಬಹುದು.

ಸೂಜಿ ಮತ್ತು ಕೀಲಿ: ತೊಟ್ಟಿನ ರಂಧ್ರದಲ್ಲಿ ಕಟ್ಟಿದ ಮಸಿಯನ್ನು ತೆಗೆಯಲು ತೆಳುವಾದ ಸೂಜಿಯೊಂದು, ತೊಟ್ಟನ್ನೇ ಬಿಚ್ಚಲು ಅದಕ್ಕೆ ಹೊಂದುವ ಸಣ್ಣ ಕೀಲಿಯೊಂದು ಬೇಕಾಗುತ್ತವೆ. ಸೂಜಿಯನ್ನು ದಾರದಲ್ಲಿ ಕಟ್ಟಿ ಚೀಲದ ಪಟ್ಟಿಗೆ ಬಿಗಿದರೆ ಕಳೆದುಹೋಗುವುದಿಲ್ಲ.

ತಿರುಪು ಕೊಕ್ಕೆ: ಗಜದ ತುದಿಗೆ ತಿರುಗಿಸಿ ಕೂರಿಸುವ, ಸುರುಳಿಯಾಕಾರದ ಕೊಕ್ಕೆ. ಹಾರದೆ ಉಳಿದ ಈಡಿನ ತಡೆಯನ್ನು ಹೊರತೆಗೆಯಲು ಮತ್ತು ಬಟ್ಟೆ ಸುತ್ತಿ ನಳಿಗೆಯನ್ನು ಒರೆಸಲು ಉಪಯೋಗಿ.

ಒರೆಸುವ ಬಟ್ಟೆ, ಎಣ್ಣೆ, ಚಾಕು: ಎಣ್ಣೆಯ ಪುಟ್ಟ ಶೀಶೆಯನ್ನು ಬಟ್ಟೆಯಲ್ಲಿ ಸುತ್ತಿ, ತಡೆ ಮತ್ತು ಮದ್ದಿಗೆ ತಗುಲದಂತೆ ಇಡಬೇಕು. ಎಣ್ಣೆ ಸೋಕಿದ ಮದ್ದು ಹಾಗೂ ಕೇಪು ಕೆಲಸಕ್ಕೆ ಬರುವುದಿಲ್ಲ.

ಜೋಡಣೆಯ ಕ್ರಮ

ಜೋಡಣೆಗೆ ಸಂಬಂಧಿಸಿದಂತೆ ಕೆಲವು ಸಾಮಾನ್ಯ ತತ್ತ್ವಗಳಿವೆ.

ಮೊದಲನೆಯದು, ತುಂಬುವ ಕ್ರಮವೇ ಇಡುವ ಕ್ರಮವಾಗಬೇಕು. ಮದ್ದು ಹಾಗೂ ಅಳತೆಯ ಕೊಳವೆ ಹೊರಗೆ, ಪಟ್ಟಿಯಲ್ಲಿ. ತಡೆ ಚೀಲದ ಮುಂಭಾಗದಲ್ಲಿ. ಗುಂಡು ಅಥವಾ ಚರೆ ಅದರ ಹಿಂದೆ. ಕೇಪು ಪ್ರತ್ಯೇಕ ಕಿಸೆಯಲ್ಲಿ. ಕೈ ಹೊರಗಿನಿಂದ ಒಳಗೆ, ಮುಂದಿನಿಂದ ಹಿಂದೆ ಸಾಗಿದಂತೆ ಈಡು ಪೂರ್ಣವಾಗುತ್ತದೆ. ನಡುವೆ ಯಾವುದಾದರೂ ಹೆಜ್ಜೆ ಬಿಟ್ಟುಹೋದರೆ ಕೈಯ ಓಟ ತಪ್ಪಿದ್ದರಿಂದಲೇ ಅದು ಅರಿವಿಗೆ ಬರುತ್ತದೆ.

ಎರಡನೆಯದು, ಪ್ರತಿ ಈಡಿಗೂ ಬೇಕಾದುದನ್ನು ಮತ್ತು ಆಗೊಮ್ಮೆ ಈಗೊಮ್ಮೆ ಬೇಕಾದುದನ್ನು ಬೇರ್ಪಡಿಸಬೇಕು. ಕೊಕ್ಕೆ, ಕೀಲಿ, ಎಣ್ಣೆ ಮುಂತಾದವು ಹಿಂಬದಿಯ ಕಿಸೆಯಲ್ಲಿ, ಒಂದು ಬಟ್ಟೆಯಲ್ಲಿ ಸುತ್ತಿಕೊಂಡಿದ್ದರೆ ಸಾಕು. ಲೋಹದ ವಸ್ತುಗಳು ಒಂದಕ್ಕೊಂದು ತಾಗಿ ಸದ್ದು ಮಾಡದಂತೆಯೂ ಇದರಿಂದ ನೋಡಿಕೊಂಡಂತಾಗುತ್ತದೆ.

ಮೂರನೆಯದು, ಭಾರವಾದುದು ತಳದಲ್ಲಿರಬೇಕು. ಸೀಸ ಮೇಲಿದ್ದರೆ ಚೀಲ ಮಗುಚುತ್ತದೆ, ಕೆಳಗಿನ ನಾಜೂಕಿನ ವಸ್ತುಗಳು ಜಜ್ಜಿಹೋಗುತ್ತವೆ.

ನಾಲ್ಕನೆಯದು, ಬೆಂಕಿಗೆ ಕಾರಣವಾಗುವ ಯಾವ ವಸ್ತುವೂ ಚೀಲದಲ್ಲಿ ಇರಕೂಡದು. ಬೆಂಕಿಪೆಟ್ಟಿಗೆ ಮತ್ತು ಬೀಡಿ ಚೀಲದಲ್ಲಿ ಸಲ್ಲವು. ಸೀಸ ವಿಷಕಾರಿಯಾದ ಲೋಹವಾದುದರಿಂದ ಬುತ್ತಿ, ಎಲೆ ಅಡಿಕೆ ಮುಂತಾದ ತಿನ್ನುವ ವಸ್ತುಗಳನ್ನೂ ಅದರೊಂದಿಗೆ ಇಡಬಾರದು. ಗುಂಡು ಮುಟ್ಟಿದ ಕೈಯನ್ನು ತೊಳೆಯದೆ ಉಣ್ಣಬಾರದು.

ಐದನೆಯದು, ಮನೆಗೆ ಮರಳಿದ ಮೇಲೆ ಚೀಲವನ್ನು ಪೂರ್ತಿ ಬರಿದು ಮಾಡಿ, ಎಣಿಸಿ, ಒಣಗಿಸಿ, ಮತ್ತೆ ಅದೇ ಕ್ರಮದಲ್ಲಿ ಇಡಬೇಕು. ಕೇಪು ಮತ್ತು ಗುಂಡುಗಳ ಎಣಿಕೆ ಮಕ್ಕಳಿರುವ ಮನೆಯಲ್ಲಿ ವಿಶೇಷವಾಗಿ ಮುಖ್ಯ.

ಈಡುಗಳನ್ನು ಮುಂಚಿತವಾಗಿಯೇ ಅಳೆದು ಒಂದೊಂದನ್ನೂ ಸಣ್ಣ ಬಿದಿರ ಅಥವಾ ಕಾಗದದ ಕೊಳವೆಗಳಲ್ಲಿ ತುಂಬಿಟ್ಟುಕೊಳ್ಳುವುದು ಇನ್ನೊಂದು ವಿಧಾನ. ಇದರಲ್ಲಿ ಅಳತೆ ತಪ್ಪುವುದಿಲ್ಲ, ಮಳೆಯಲ್ಲಿ ಮದ್ದಿನ ಕೊಂಬನ್ನು ಪದೇಪದೇ ತೆರೆಯಬೇಕಾಗಿಲ್ಲ, ಖಾಲಿ ಕೊಳವೆಗಳನ್ನು ಎಣಿಸಿದರೆ ಎಷ್ಟು ಈಡು ಹೋಯಿತೆಂಬುದೂ ತಿಳಿಯುತ್ತದೆ. ಕಾಗದದ ಇಂತಹ ಪೊಟ್ಟಣಗಳನ್ನು ಸೇನೆಗಳೂ ಬಳಸಿದ್ದವು. 1857ರ ದಂಗೆಗೆ ನೆಪವಾದ ಎನ್‌ಫೀಲ್ಡ್ ರೈಫಲ್ಲಿನ ಕೊಬ್ಬು ಸವರಿದ ತೋಟಾ ಎಂದರೆ ಮದ್ದು ಮತ್ತು ಗುಂಡನ್ನು ಕಾಗದದಲ್ಲಿ ಸುತ್ತಿದ ಇಂತಹದೇ ಒಂದು ಪೊಟ್ಟಣ. ಆ ರೈಫಲ್ ಸಹ ಕೇಪಿನಿಂದ ಹಾರುವ, ಬಾಯಿಯಿಂದ ತುಂಬುವ ಬಂದೂಕವೇ ಆಗಿತ್ತು.

ಮಳೆ ಮತ್ತು ತೇವ

ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದ್ದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾರೀ ಮಳೆ ಮತ್ತು ಮಂಜಿಗೆ ಒಳಗಾಗುವ ಊರು. ಇಂತಹ ಹವೆಯಲ್ಲಿ ಮದ್ದು ತೇವ ಹೀರಿಕೊಂಡು ಗಂಟುಕಟ್ಟುತ್ತದೆ. ತೇವಗೊಂಡ ಮದ್ದು ಉರಿಯದೆ ಇರಬಹುದು ಅಥವಾ ತಡವಾಗಿ ಉರಿಯಬಹುದು. ಆದ್ದರಿಂದ ಕೊಂಬಿನ ಬಿರಡೆಯ ಸುತ್ತ ಮೇಣ ಹಚ್ಚುವುದು, ಕೇಪಿನ ಡಬ್ಬಿಯನ್ನು ಮೇಣ ಸವರಿದ ಬಟ್ಟೆಯಲ್ಲಿ ಸುತ್ತುವುದು, ಚೀಲಕ್ಕೆ ಎಣ್ಣೆ ಹಚ್ಚುವುದು ಮುಂತಾದ ಎಚ್ಚರಿಕೆಗಳು ಬೇಕಾಗುತ್ತವೆ. ಒಲೆಯ ಬಳಿ ಮದ್ದನ್ನು ಒಣಗಿಸುವುದು ಪ್ರಾಣಾಪಾಯಕ್ಕೆ ಆಹ್ವಾನ.

ಉರಿದ ಕಪ್ಪುಮದ್ದಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಘನರೂಪದಲ್ಲಿ ಹೊಗೆಯಾಗಿಯೂ ಮಸಿಯಾಗಿಯೂ ಉಳಿಯುತ್ತದೆ. ನಳಿಗೆಯಲ್ಲಿ ಕಟ್ಟಿದ ಈ ಮಸಿ ಗಾಳಿಯ ತೇವವನ್ನು ಸೆಳೆದು ಕಬ್ಬಿಣವನ್ನು ಶೀಘ್ರವಾಗಿ ತುಕ್ಕು ಹಿಡಿಸುತ್ತದೆ. ಇದು ನೀರಿನಲ್ಲಿ ಕರಗುವುದರಿಂದ, ಬಳಸಿದ ದಿನವೇ ಬಿಸಿನೀರಿನಿಂದ ನಳಿಗೆಯನ್ನು ತೊಳೆದು, ಚೆನ್ನಾಗಿ ಒರೆಸಿ, ಎಣ್ಣೆ ಸವರಬೇಕು. ಎಣ್ಣೆಯನ್ನಷ್ಟೇ ಹಚ್ಚಿದರೆ ಮಸಿ ಅದರಡಿಯಲ್ಲೇ ಉಳಿದು ತುಕ್ಕು ಮುಂದುವರಿಯುತ್ತದೆ.

ಸುರಕ್ಷತೆ

ಕೇಪಿನ ಕೋವಿಯನ್ನು ಹೊರಗಿನಿಂದ ನೋಡಿ ತುಂಬಿದೆಯೋ ಇಲ್ಲವೋ ಎಂದು ಹೇಳಲಾಗದು. ತೋಟಾ ಕೋವಿಯಂತೆ ಮುರಿದು ನೋಡುವ ಅವಕಾಶ ಇದರಲ್ಲಿಲ್ಲ. ಗೋಡೆಗೆ ತೂಗುಹಾಕಿದ ಹಳೆಯ ಕೋವಿಯಲ್ಲಿ ಹಿಂದಿನವರು ತುಂಬಿಟ್ಟ ಈಡು ಹಾಗೆಯೇ ಉಳಿದಿರುವ ಸಾಧ್ಯತೆ ಇರುತ್ತದೆ. ಕಪ್ಪುಮದ್ದು ಒಣಗಿದ್ದರೆ ಬಹಳ ವರ್ಷಗಳ ಮೇಲೂ ಉರಿಯಬಲ್ಲದು. ಇದನ್ನು ಅರಿಯುವ ಸುಲಭ ಉಪಾಯವೆಂದರೆ ಗಜ. ಖಾಲಿ ನಳಿಗೆಯಲ್ಲಿ ಗಜವನ್ನು ತಳದವರೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಗುರುತೊಂದನ್ನು ಮಾಡಿಡಲಾಗುತ್ತದೆ. ಮುಂದೆ ಎಂದಾದರೂ ಗಜ ಇಳಿಸಿದಾಗ ಗುರುತು ಬಾಯಿಗಿಂತ ಮೇಲೆ ನಿಂತರೆ ಒಳಗೆ ಈಡಿದೆಯೆಂದು ಅರ್ಥ. ಸರಿಯಾಗಿ ತುಂಬಿದ ಈಡಿಗೆ ಎರಡನೆಯ ಗುರುತು ಮಾಡಿದರೆ, ಗುಂಡು ಮದ್ದಿನ ಮೇಲೆ ಬಿಗಿಯಾಗಿ ಕುಳಿತಿದೆಯೇ ಎಂಬುದೂ ತಿಳಿಯುತ್ತದೆ. ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಉಳಿದರೆ ನಳಿಗೆ ಉಬ್ಬುವ ಅಥವಾ ಒಡೆಯುವ ಅಪಾಯವಿದೆ.

ಒಂದರ ಮೇಲೊಂದು ಎರಡು ಈಡು ತುಂಬುವುದು ಮತ್ತು ಗಜವನ್ನು ನಳಿಗೆಯಲ್ಲೇ ಬಿಟ್ಟು ಹಾರಿಸುವುದು ಆತುರದಲ್ಲಿ ಆಗುವ ಇತರ ತಪ್ಪುಗಳು. ತೋಟಾಗಳಲ್ಲಿ ಬಳಸುವ ಹೊಗೆರಹಿತ ಮದ್ದನ್ನು ಕೇಪಿನ ಕೋವಿಗೆ ಎಂದಿಗೂ ತುಂಬಬಾರದು. ಅದರ ಒತ್ತಡವನ್ನು ಹಳೆಯ ನಳಿಗೆ ತಾಳಲಾರದು. ಕೇಪು ಸಿಡಿದರೂ ಈಡು ಹಾರದಿದ್ದಾಗ, ಮದ್ದು ಒಳಗೆ ನಿಧಾನವಾಗಿ ಹೊತ್ತುತ್ತಿರಬಹುದಾದ್ದರಿಂದ, ಕೋವಿಯ ಬಾಯಿಯನ್ನು ನಿರಪಾಯದ ದಿಕ್ಕಿಗೆ ಹಿಡಿದು ಕನಿಷ್ಠ ಒಂದು ನಿಮಿಷ ಕಾಯಬೇಕು. ತಕ್ಷಣ ಬಾಯಿಯೊಳಗೆ ಇಣುಕುವುದು ಅತ್ಯಂತ ಅಪಾಯಕರ.

ಬರಿಯ ಮದ್ದಿನ ಈಡು ಸಹ ನಿರಪಾಯವಲ್ಲ. ಗುಂಡಿಲ್ಲದಿದ್ದರೂ ಮದ್ದಿನ ಮೇಲಿನ ತಡೆ ಹತ್ತಿರದವರಿಗೆ ಗಾಯ ಮಾಡುವಷ್ಟು ವೇಗದಲ್ಲಿ ಹೊರಬರುತ್ತದೆ. ಉರಿಯುತ್ತಾ ಬಿದ್ದ ನಾರು ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಹಚ್ಚಬಲ್ಲದು. ಆಕಾಶಕ್ಕೆ ಹಾರಿಸಿದ ಗುಂಡು ಎಲ್ಲಿಯಾದರೂ ಕೆಳಗೆ ಬೀಳಲೇಬೇಕು ಎಂಬುದನ್ನೂ ಮರೆಯಬಾರದು.

ಆಚರಣೆಗಳಲ್ಲಿ

ಕೊಡವರ ಆಚರಣೆಗಳಲ್ಲಿ ಕೋವಿಗೆ ಪೂಜ್ಯ ಸ್ಥಾನವಿದೆ. ಗಂಡುಮಗು ಹುಟ್ಟಿದಾಗ ಒಂದು ಗುಂಡು, ಮರಣ ಸಂಭವಿಸಿದಾಗ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವುದು ಹಳೆಯ ಪದ್ಧತಿ. ಮನೆಗಳು ಬೆಟ್ಟಗಳ ನಡುವೆ ದೂರದೂರವಿದ್ದ ನಾಡಿನಲ್ಲಿ ಸದ್ದಿನ ಎಣಿಕೆಯೇ ಸುದ್ದಿಯಾಗಿತ್ತು. ಒಂಟಿ ನಳಿಗೆಯ ಕೇಪಿನ ಕೋವಿಯೊಂದೇ ಇದ್ದ ಮನೆಯಲ್ಲಿ ಸಾವಿನ ಎರಡನೆಯ ಗುಂಡಿಗೆ ಮತ್ತೊಮ್ಮೆ ಈಡು ತುಂಬಬೇಕಾಗುತ್ತದೆ. ತಡವಾದರೆ ಅಥವಾ ಎರಡನೆಯದು ಹಾರದಿದ್ದರೆ ಕೇಳಿದವರಿಗೆ ಸುದ್ದಿಯೇ ಬದಲಾದಂತೆ. ಪರಿಕರಗಳನ್ನು ಸದಾ ಸಿದ್ಧವಾಗಿ, ಒಂದೇ ಸ್ಥಳದಲ್ಲಿ ಇಡುವುದರ ಅರ್ಥ ಇಂತಹ ಸಂದರ್ಭದಲ್ಲಿ ಸ್ಪಷ್ಟವಾಗುತ್ತದೆ.

ಸಾಮಾನ್ಯವಾಗಿ ಸೆಪ್ಟೆಂಬರ್ 3ರಂದು ಆಚರಿಸುವ ಕೈಲ್‌ಪೊಳ್ದ್ ಆಯುಧಪೂಜೆಯ ಹಬ್ಬ. ಗದ್ದೆಯ ನಾಟಿ ಕೆಲಸ ಮುಗಿದ ಮೇಲೆ ಬರುವ ಈ ಹಬ್ಬದಲ್ಲಿ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಶುಚಿಗೊಳಿಸಿ, ಕೋವಿಗೆ ‘ತೋಕ್ ಪೂ’ ಎಂಬ ಹೂವನ್ನು ಸಿಕ್ಕಿಸಿ ಪೂಜಿಸುತ್ತಾರೆ. ಇದು ಕನ್ನಡದಲ್ಲಿ ಗೌರಿಹೂವು ಎಂದೂ ಕರೆಯಲ್ಪಡುವ, ಬೆಂಕಿಯ ನಾಲಗೆಯಂತಹ ಎಸಳುಗಳುಳ್ಳ ಹೂವು. ಬೆಳೆಯನ್ನು ಕಾಡುಹಂದಿ ಮುಂತಾದ ಪ್ರಾಣಿಗಳಿಂದ ಕಾಯಲು ಆಯುಧವನ್ನು ಮತ್ತೆ ಕೈಗೆತ್ತಿಕೊಳ್ಳುವ ದಿನವೆಂಬುದು ಹಬ್ಬದ ಹಿಂದಿನ ಅರ್ಥ. ಅಂದು ಮರದ ಮೇಲಿಟ್ಟ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆಗಳು ನಡೆಯುತ್ತವೆ. ಸುಗ್ಗಿಯ ಹಬ್ಬವಾದ ಪುತ್ತರಿಯಲ್ಲಿಯೂ ಹೊಸ ಕದಿರು ಕೊಯ್ಯುವಾಗ ಗುಂಡು ಹಾರಿಸುತ್ತಾರೆ. ಹಿಂದೆ ಹುಲಿಯನ್ನು ಕೊಂದವನಿಗೆ ‘ನರಿ ಮಂಗಲ’ ಎಂಬ ಗೌರವ ಸಮಾರಂಭ ನಡೆಯುತ್ತಿತ್ತು. ಕೊಡವ ಭಾಷೆಯಲ್ಲಿ ‘ನರಿ’ ಎಂದರೆ ಹುಲಿ.

ಕಾನೂನಿನ ಚೌಕಟ್ಟು

1959ರ ಆಯುಧ ಕಾಯಿದೆಯ ಪ್ರಕಾರ ಭಾರತದಲ್ಲಿ ಕೋವಿ ಹೊಂದಲು ಪರವಾನಗಿ ಅಗತ್ಯ. ಇದೇ ಕಾಯಿದೆಯ 41ನೆಯ ಕಲಮಿನಡಿ ಕೇಂದ್ರ ಸರ್ಕಾರ ವಿನಾಯಿತಿ ನೀಡಬಹುದಾಗಿದ್ದು, ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಈ ವಿನಾಯಿತಿ ದೊರೆತಿದೆ. 2019ರ ಅಧಿಸೂಚನೆ ಇದನ್ನು 2029ರವರೆಗೆ ಮುಂದುವರಿಸಿತು. ಜಾತಿ ಮತ್ತು ಭೂಹಿಡುವಳಿಯ ಆಧಾರದ ಮೇಲೆ ವಿನಾಯಿತಿ ನೀಡುವುದು ಸಮಾನತೆಗೆ ವಿರುದ್ಧವೆಂಬ ವಾದದೊಂದಿಗೆ ಅದನ್ನು ಪ್ರಶ್ನಿಸಲಾಯಿತಾದರೂ ಕರ್ನಾಟಕ ಹೈಕೋರ್ಟ್ 2021ರಲ್ಲಿ ಅಧಿಸೂಚನೆಯನ್ನು ಎತ್ತಿಹಿಡಿಯಿತು. ಕೊಡವರ ಆಚರಣೆಗಳಲ್ಲಿ ಕೋವಿಗಿರುವ ಸ್ಥಾನ ಮತ್ತು ವಿನಾಯಿತಿಯ ದೀರ್ಘ ಇತಿಹಾಸ ಈ ಚರ್ಚೆಯ ಕೇಂದ್ರದಲ್ಲಿದ್ದವು.

ಆಯುಧ ಕಾಯಿದೆಯ 13ನೆಯ ಕಲಮು ಬೆಳೆ ರಕ್ಷಣೆಗಾಗಿ ಬಳಸುವ, ಬಾಯಿಯಿಂದ ತುಂಬುವ ಕೋವಿಯನ್ನು ಪ್ರತ್ಯೇಕವಾಗಿ ಹೆಸರಿಸುತ್ತದೆ. ಇತರ ಜಿಲ್ಲೆಗಳ ರೈತರು ಇಂತಹ ಕೋವಿಗೆ ಪರವಾನಗಿ ಪಡೆಯುವುದು ಈ ಅವಕಾಶದಡಿಯಲ್ಲಿ.

ಆದರೆ ಕೋವಿ ಹೊಂದುವ ಹಕ್ಕು ಬೇಟೆಯಾಡುವ ಹಕ್ಕಲ್ಲ. 1972ರ ವನ್ಯಜೀವಿ (ಸಂರಕ್ಷಣಾ) ಕಾಯಿದೆಯ 9ನೆಯ ಕಲಮು ಸಂರಕ್ಷಿತ ಪ್ರಾಣಿಗಳ ಬೇಟೆಯನ್ನು ನಿಷೇಧಿಸುತ್ತದೆ. ಕಾಡುಹಂದಿಯೂ ಈ ಕಾಯಿದೆಯ ರಕ್ಷಣೆಗೆ ಒಳಪಟ್ಟಿದೆ. ಬೆಳೆಹಾನಿಯ ಸಂದರ್ಭದಲ್ಲಿಯೂ ಪ್ರಾಣಿಯನ್ನು ಕೊಲ್ಲಲು ಕಾಯಿದೆಯಂತೆ ಅಧಿಕಾರವುಳ್ಳವರ ಅನುಮತಿ ಬೇಕು. ನಾಗರಹೊಳೆ ರಾಷ್ಟ್ರೀಯ ಉದ್ಯಾನ ಹಾಗೂ ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ವನ್ಯಜೀವಿ ಧಾಮಗಳು ಕೊಡಗಿನ ಗಡಿಯೊಳಗೆ ಹರಡಿಕೊಂಡಿದ್ದು, ಅಲ್ಲಿಗೆ ಆಯುಧದೊಂದಿಗೆ ಪ್ರವೇಶಿಸುವುದೇ ಅಪರಾಧ.

ಇಂದಿನ ಸ್ಥಿತಿ

ಬೇಟೆ ನಿಂತಮೇಲೆ ಬೇಟೆಚೀಲದ ದೈನಂದಿನ ಬಳಕೆಯೂ ನಿಂತಿತು. ತೋಟಾ ಕೋವಿಗಳು ಕೇಪಿನ ಕೋವಿಯ ಸ್ಥಾನವನ್ನು ಬಹುಮಟ್ಟಿಗೆ ತೆಗೆದುಕೊಂಡಿವೆ. ಅನೇಕ ಮನೆಗಳಲ್ಲಿ ಕೋವಿ ಪೂಜೆಗೆ ಉಳಿದು, ಕೊಂಬು, ಅಳತೆಯ ಕೊಳವೆ, ಕೊಕ್ಕೆಗಳಂತಹ ಸಣ್ಣ ವಸ್ತುಗಳು ಬೇರ್ಪಟ್ಟು ಕಳೆದುಹೋಗುತ್ತಿವೆ. ಬಿಡಿಯಾಗಿ ಸಿಕ್ಕ ಬಿದಿರ ಕೊಳವೆ ಯಾವ ಕೋವಿಯ ಈಡಿನ ಅಳತೆಯೆಂದು ಹೇಳುವವರಿಲ್ಲದೆ ಅರ್ಥ ಕಳೆದುಕೊಳ್ಳುತ್ತದೆ. ಗಜದ ಮೇಲಿನ ಗುರುತಿನ ಅರ್ಥ ಮರೆತ ಮನೆಯಲ್ಲಿ, ಗೋಡೆಯ ಮೇಲಿನ ಕೋವಿ ತುಂಬಿದೆಯೋ ಇಲ್ಲವೋ ಎಂದು ತಿಳಿಯುವ ದಾರಿಯೂ ಮರೆತುಹೋಗುತ್ತದೆ.

ಮಡಿಕೇರಿ ಕೋಟೆಯೊಳಗಿನ ಹಳೆಯ ಚರ್ಚ್ ಕಟ್ಟಡದಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯ ಮತ್ತು ಜನರಲ್ ತಿಮ್ಮಯ್ಯ ಅವರ ಮನೆ ‘ಸನ್ನಿಸೈಡ್’ನಲ್ಲಿ 2021ರಲ್ಲಿ ಆರಂಭವಾದ ವಸ್ತುಸಂಗ್ರಹಾಲಯ ಈ ನಾಡಿನ ಚರಿತ್ರೆ ಮತ್ತು ಸೈನಿಕ ಪರಂಪರೆಯನ್ನು ಪರಿಚಯಿಸುತ್ತವೆ. ಮನೆಗಳಲ್ಲಿ ಉಳಿದಿರುವ ಪರಿಕರಗಳ ವಿಷಯದಲ್ಲಿ, ಕೋವಿ, ಗಜ, ಅಳತೆಯ ಕೊಳವೆ ಮತ್ತು ಚೀಲವನ್ನು ಒಂದೇ ಕಡೆ ಇಟ್ಟು, ಯಾವುದು ಯಾವುದಕ್ಕೆ ಸೇರಿದ್ದೆಂದು ಬರೆದಿಡುವುದು ಸಂರಕ್ಷಣೆಯ ಮೊದಲ ಹೆಜ್ಜೆಯಾಗುತ್ತದೆ. ಅದಕ್ಕೂ ಮೊದಲು, ಬಲ್ಲವರಿಂದ ಪರೀಕ್ಷೆ ಮಾಡಿಸಿ, ಹಳೆಯ ಕೋವಿಯಲ್ಲಿ ಈಡು ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳುವುದು ಅಗತ್ಯ.